ಪೆರೋಲ್, ಪ್ರೊಬೇಷನ್, ಮಾಫಿ, ಜೀವಾವಧಿ: ಪದೇ ಪದೇ ಕೇಳೋ ಪ್ರಶ್ನೆಗಳು

ಪೇಪರ್ ಓದಿ ತಲೆ ಕೆಡಿಸ್ಕೊಂಡೋರು, ಲಾ ಓದ್ತಿರೋ ಹುಡುಗ್ರು, ಮನೆಯವರೊಬ್ಬರು ಒಳಗಿದ್ದಾರೆ ಅಂತ ಓಡಾಡ್ತಿರೋರು, ಈ ಮೂರು ಥರದ ಜನ ಕೇಳೋ ಪ್ರಶ್ನೆಗಳನ್ನ ಇಲ್ಲಿ ಒಟ್ಟಿಗೆ ಹಾಕಿದೀನಿ. ಕೆಲವಕ್ಕೆ ಉತ್ತರ ಉದ್ದ ಆಗಿದೆ, ಕೆಲವಕ್ಕೆ ಎರಡೇ ಸಾಲು. ನಿಮ್ಮ ಕೇಸಿಗೆ ಏನು ಮಾಡಬೇಕು ಅನ್ನೋದನ್ನ ನಿಮ್ಮ ವಕೀಲರ ಹತ್ರಾನೇ ಕೇಳಿ.

ಬೇಲು, ಪೆರೋಲು, ಫರ್ಲೋ, ಪ್ರೊಬೇಷನ್ನು, ಮಾಫಿ... ಎಲ್ಲಾ ಒಂದೇ ಅಲ್ವಾ?

ಅಲ್ಲ. ಟೀವಿಯವರು ಎಲ್ಲದಕ್ಕೂ "ರಿಲೀಸ್" ಅಂದುಬಿಡ್ತಾರೆ, ಗೊಂದಲ ಶುರು ಆಗೋದೇ ಅಲ್ಲಿಂದ. ಬೇಲ್ ಅಂದ್ರೆ ಕೇಸ್ ಇನ್ನೂ ನಡೀತಿದೆ, ಇಲ್ಲಾ ಅಪೀಲು ಪೆಂಡಿಂಗ್ ಇದೆ, ಅಲ್ಲಿ ತನಕ ಹೊರಗಿರಪ್ಪ ಅಂತ ಕೋರ್ಟು ಬಿಟ್ಟಿದೆ. ಪ್ರೊಬೇಷನ್ ಅಂದ್ರೆ ತಪ್ಪು ಮಾಡಿದಾನೆ ಅಂತ ತೀರ್ಪು ಬಂದಿದೆ, ಆದ್ರೆ ಜೈಲಿಗೆ ಕಳಿಸದೆ ಮುಚ್ಚಳಿಕೆ ಬರೆಸ್ಕೊಂಡು ಮನೆಗೆ ಕಳಿಸಿದಾರೆ. ಪೆರೋಲೂ ಫರ್ಲೋನೂ ಸಜೆ ಅನುಭವಿಸ್ತಿರೋರಿಗೆ ಸಿಗೋ ರಜೆ, ದಿನ ಮುಗಿದ ಮೇಲೆ ಗೇಟಿಗೆ ವಾಪಸ್ ಹೋಗಲೇಬೇಕು. ಮಾಫಿ ಅಂದ್ರೆ ಸಜೆಯ ಅವಧೀನೇ ಕಮ್ಮಿ ಮಾಡೋದು.

ಇದರಲ್ಲಿ ಯಾವುದು ಯಾರ ಕೈಲಿದೆ ಅನ್ನೋದು ಗೊತ್ತಾದ್ರೆ ಅರ್ಧ ವಿಷಯ ಅರ್ಥ ಆದ ಹಾಗೆ. ಬೇಲು, ಪ್ರೊಬೇಷನ್ನು ಜಡ್ಜ್ ಕೈಲಿ. ಪೆರೋಲು, ಮಾಫಿ, ಅವಧಿಗೆ ಮುಂಚೆ ಬಿಡುಗಡೆ ಇವೆಲ್ಲಾ ಜೈಲು ಇಲಾಖೆ, ಗೃಹ ಇಲಾಖೆ ಕೈಲಿ. ಅಂದ್ರೆ ಒಬ್ಬ ಮನುಷ್ಯ ನಿಜಕ್ಕೂ ಎಷ್ಟು ವರ್ಷ ಒಳಗಿರ್ತಾನೆ ಅನ್ನೋದು ನಮ್ಮಲ್ಲಿ ಎರಡು ಸಲ ತೀರ್ಮಾನ ಆಗತ್ತೆ, ಒಂದು ಸಲ ತೆರೆದ ಕೋರ್ಟಲ್ಲಿ ಎಲ್ಲರೆದುರು, ಇನ್ನೊಂದು ಸಲ ಫೈಲಿನೊಳಗೆ. ಜನ ಮೊದಲನೇದರ ಬಗ್ಗೆ ಮಾತ್ರ ಜಗಳ ಆಡ್ತಾರೆ.

ಇಂಗ್ಲಿಷ್ ಸಿನಿಮಾದಲ್ಲಿ ಪೆರೋಲ್ ಬೋರ್ಡ್ ಮುಂದೆ ಕೂರಿಸಿ ಪ್ರಶ್ನೆ ಕೇಳ್ತಾರಲ್ಲ, ಅದು ನಮ್ಮಲ್ಲೂ ಇದೆಯಾ?

ಅಮೆರಿಕದಲ್ಲಿ ಪೆರೋಲ್ ಅಂದ್ರೆ ಸಜೆಯ ಒಂದು ಭಾಗ ಮುಗಿಸಿದ ಮೇಲೆ ಉಳಿದಿದ್ದನ್ನ ಹೊರಗೆ, ಆಫೀಸರ್ ನಿಗಾದಲ್ಲಿ ಕಳೆಯೋದು. ವಾಪಸ್ ಹೋಗೋ ಮಾತು ಬರೋದು ಷರತ್ತು ಮುರಿದರೆ ಮಾತ್ರ. ನಮ್ಮ ಪೆರೋಲ್‌ಗೂ ಅದಕ್ಕೂ ಹೆಸರು ಬಿಟ್ಟರೆ ಸಂಬಂಧ ಕಮ್ಮಿ. ಅದಕ್ಕೆ ಹತ್ತಿರದ್ದು ಹುಡುಕಿದ್ರೆ ನಮ್ಮ ಷರತ್ತುಬದ್ಧ ಅವಧಿಪೂರ್ವ ಬಿಡುಗಡೆ. ಅಂದಹಾಗೆ ಅಮೆರಿಕದ ಫೆಡರಲ್ ಕೇಸುಗಳಲ್ಲಿ ಈ ಪೆರೋಲನ್ನ 1984ರ ಕಾನೂನಿನಿಂದ ತೆಗೆದೇ ಹಾಕಿದಾರೆ, 1987ರ ನವೆಂಬರ್‌ನಿಂದ ಆಚೆಗಿನ ಅಪರಾಧಗಳಿಗೆ ಅದು ಇಲ್ಲ. ಸಿನಿಮಾದಲ್ಲಿ ತೋರಿಸೋದು ರಾಜ್ಯಗಳ ಬೋರ್ಡು.

ಜೀವಾವಧಿ ಅಂದ್ರೆ 14 ವರ್ಷ ತಾನೇ?

ಇದೊಂದು ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಅಲ್ಲ. ಜೀವಾವಧಿ ಅಂದ್ರೆ ಉಸಿರಿರೋ ತನಕ. ಗೋಪಾಲ ಗೋಡ್ಸೆ ಕೇಸಲ್ಲಿ 1961ರಲ್ಲೇ ಸುಪ್ರೀಂ ಕೋರ್ಟ್ ಇದನ್ನ ಹೇಳಿ ಮುಗಿಸಿದೆ. ಹಾಗಿದ್ರೆ ಈ 14 ಎಲ್ಲಿಂದ ಬಂತು? 1978ರಲ್ಲಿ ಸಿಆರ್‌ಪಿಸಿಗೆ (ಹಳೇ ಅಪರಾಧ ಪ್ರಕ್ರಿಯಾ ಸಂಹಿತೆ) 433ಎ ಅಂತ ಒಂದು ಸೆಕ್ಷನ್ ಸೇರಿಸಿದ್ರು. ಮರಣದಂಡನೆಯೂ ಕೊಡಬಹುದಾದ ಅಪರಾಧಕ್ಕೆ (ಕೊಲೆ ಅಂತ ಇಟ್ಕೊಳ್ಳಿ) ಜೀವಾವಧಿ ಆಗಿದ್ರೆ, ಇಲ್ಲಾ ಗಲ್ಲು ಜೀವಾವಧಿಗೆ ಇಳಿದಿದ್ರೆ, ಕನಿಷ್ಠ 14 ವರ್ಷ ನಿಜವಾಗಿ ಒಳಗೆ ಕಳೆಯೋ ತನಕ ಸರ್ಕಾರ ಬಿಡೋ ಹಾಗಿಲ್ಲ ಅಂತ ಅದರ ಸಾರ. ಮಾರೂರಾಮ್ ಕೇಸಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು. ಈಗ ಅದೇ ಮಾತು ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಹೊಸ ಕಾನೂನು) ಸೆಕ್ಷನ್ 475ರಲ್ಲಿದೆ.

ಅಂದ್ರೆ 14 ಅನ್ನೋದು ಅರ್ಜಿ ಹಾಕೋಕೆ ಅರ್ಹತೆ ಬರೋ ವರ್ಷ, ಬಿಡುಗಡೆ ಆಗೋ ವರ್ಷ ಅಂತ ಎಲ್ಲೂ ಬರೆದಿಲ್ಲ. ಇನ್ನೊಂದು 20ರ ಲೆಕ್ಕಾನೂ ಕೆಲವರು ಹೇಳ್ತಾರೆ, ಅದು ಶಿಕ್ಷೆಯ ಭಾಗಾಂಶ ಲೆಕ್ಕ ಹಾಕೋಕೆ ಮಾತ್ರ ಇರೋದು, ಉದಾಹರಣೆಗೆ ಜೀವಾವಧಿಯ ಅರ್ಧ ಎಷ್ಟು ಅಂತ ಕಾನೂನಲ್ಲಿ ಬಂದಾಗ 20 ವರ್ಷ ಅಂತ ಹಿಡಿದು ಭಾಗಿಸ್ತಾರೆ, ಅಷ್ಟೆ. ರಾಷ್ಟ್ರಪತಿಗಳ 72ನೇ ವಿಧಿ, ರಾಜ್ಯಪಾಲರ 161ನೇ ವಿಧಿಯ ಕ್ಷಮಾದಾನದ ಅಧಿಕಾರ ಮಾತ್ರ ಈ 14ರ ಗೆರೆಗೆ ಕಟ್ಟುಬಿದ್ದಿಲ್ಲ.

ಕೋರ್ಟೇ "ಇಷ್ಟು ವರ್ಷ ಬಿಡಲೇಬಾರದು" ಅಂತ ಹೇಳಬಹುದಾ?

ಹೇಳಬಹುದು, ಈ ರೂಢಿ ಗಟ್ಟಿಯಾಗಿದ್ದು ಬೆಂಗಳೂರಿನ ಕೇಸಿಂದಾನೇ. ರಿಚ್ಮಂಡ್ ರೋಡಿನ ಮನೆಯಂಗಳದಲ್ಲಿ ಹೂತಿಟ್ಟಿದ್ದ ಶವ 1994ರಲ್ಲಿ ಸಿಕ್ಕಿತ್ತಲ್ಲ, ಸ್ವಾಮಿ ಶ್ರದ್ಧಾನಂದ ಕೇಸು. ಸೆಷನ್ಸ್ ಕೋರ್ಟೂ ಹೈಕೋರ್ಟೂ ಗಲ್ಲು ಅಂದವು. ಸುಪ್ರೀಂ ಕೋರ್ಟಿಗೆ ಒಂದು ಕಷ್ಟ ಬಂತು, ಗಲ್ಲು ಜಾಸ್ತಿ ಆಗತ್ತೆ, ಆದ್ರೆ ಬರೀ ಜೀವಾವಧಿ ಅಂದ್ರೆ 14 ವರ್ಷಕ್ಕೆ ಸರ್ಕಾರ ಬಿಟ್ಟುಬಿಟ್ರೆ ಅದು ತೀರಾ ಕಮ್ಮಿ. 2008ರಲ್ಲಿ ಮಧ್ಯದ ದಾರಿ ಹಿಡಿದ್ರು, ಮಾಫಿ ಇಲ್ಲದ ಜೀವಾವಧಿ. ಆಮೇಲೆ ರಾಜೀವ್ ಗಾಂಧಿ ಹತ್ಯೆ ಕೇಸಿನ ಶ್ರೀಹರನ್ ತೀರ್ಪಲ್ಲಿ, 2015ರಲ್ಲಿ, ಐದು ಜಡ್ಜ್‌ಗಳ ಪೀಠ 3-2ರಿಂದ ಇದಕ್ಕೆ ಒಪ್ಪಿಗೆ ಕೊಡ್ತು, ಆದ್ರೆ ಹೈಕೋರ್ಟು, ಸುಪ್ರೀಂ ಕೋರ್ಟಿಗೆ ಮಾತ್ರ, ಸೆಷನ್ಸ್ ಕೋರ್ಟಿಗಿಲ್ಲ. "20 ವರ್ಷ ಮಾಫಿ ಇಲ್ಲ", "30 ವರ್ಷ ಮಾಫಿ ಇಲ್ಲ" ಅನ್ನೋ ತೀರ್ಪುಗಳು ಇಲ್ಲಿಂದ ಬಂದಿದ್ದು. ಗಲ್ಲು ಕಮ್ಮಿ ಮಾಡೋಕೆ ಇದು ಸಹಾಯ ಆಯ್ತು ಅನ್ನೋರಿದಾರೆ. ನನಗನ್ಸೋದು, ಮನುಷ್ಯ ಬದಲಾದನೋ ಇಲ್ವೋ ಅಂತ 25 ವರ್ಷ ಆದಮೇಲೆ ನೋಡಬೇಕಾದ್ದನ್ನ ಮೊದಲನೇ ದಿನವೇ ಬಾಗಿಲು ಹಾಕಿ ತೀರ್ಮಾನ ಮಾಡೋದು ಸ್ವಲ್ಪ ಜಾಸ್ತೀನೇ ಆಯ್ತು.

ಒಂದೇ ಥರದ ಅಪರಾಧಕ್ಕೆ ಒಬ್ಬನಿಗೆ 2 ವರ್ಷ, ಇನ್ನೊಬ್ಬನಿಗೆ 10 ವರ್ಷ. ಯಾವ ನ್ಯಾಯ ಸ್ವಾಮಿ ಇದು?

ಕಾನೂನೇ ಹಂಗೆ ಬರೆದಿರೋದು. ಮಚ್ಚು ಲಾಂಗು ಥರದ್ದು ಹಿಡಿದು ತೀವ್ರ ಗಾಯ ಮಾಡಿದ್ರೆ ಬಿಎನ್‌ಎಸ್ (ಐಪಿಸಿ ಬದಲು ಬಂದ ಹೊಸ ದಂಡ ಸಂಹಿತೆ) 118(2), ಕನಿಷ್ಠ 1 ವರ್ಷ, ಜಾಸ್ತಿ ಅಂದ್ರೆ 10 ವರ್ಷ ಅಥವಾ ಜೀವಾವಧಿ! ಇಷ್ಟು ದೊಡ್ಡ ಮೈದಾನದಲ್ಲಿ ಎಲ್ಲಿ ನಿಲ್ಲಬೇಕು ಅನ್ನೋದು ಆ ಜಡ್ಜ್ ವಿವೇಚನೆ. ಹಿಂದಿನ ಅಪರಾಧ ಇದ್ರೆ ಇಷ್ಟು, ಆಯುಧ ಹಿಡಿದಿದ್ರೆ ಇಷ್ಟು, ವಯಸ್ಸು ಕಮ್ಮಿ ಇದ್ರೆ ಇಷ್ಟು ಇಳಿಸಿ ಅಂತ ಹೇಳೋ ಮಾರ್ಗಸೂಚಿ ನಮ್ಮ ದೇಶದಲ್ಲಿಲ್ಲ. ಪಂಜಾಬ್ ಸರ್ಕಾರ ಮತ್ತು ಪ್ರೇಮ್ ಸಾಗರ್ ಕೇಸಲ್ಲಿ 2008ರಲ್ಲಿ ಸುಪ್ರೀಂ ಕೋರ್ಟೇ ಇಲ್ಲ ಅಂತ ಒಪ್ಕೊಂಡಿದೆ.

ಮಾಡಿ ಅಂತ ಹೇಳಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ವರದಿ ಕೊಟ್ಟು, ಶಿಕ್ಷೆ ಮಾರ್ಗಸೂಚಿಗೆ ಒಂದು ಶಾಸನಬದ್ಧ ಸಮಿತಿ ಬೇಕು ಅಂದಿತ್ತು. ಆ ವರದಿಯ ಬೇರೆ ಶಿಫಾರಸುಗಳ ಬಗ್ಗೆ, ಆರೋಪಿಯ ಹಕ್ಕು ಕಮ್ಮಿ ಆಗತ್ತೆ ಅಂತ ದೊಡ್ಡ ಗಲಾಟೆ ಆಯ್ತು, ಆ ಗಲಾಟೆ ಬಹುಪಾಲು ಸರೀನೂ ಇತ್ತು, ಆದ್ರೆ ಮಧ್ಯೆ ಈ ಒಳ್ಳೇ ಮಾತೂ ಮೂಲೆಗೆ ಬಿತ್ತು. ಮೂರು ಹೊಸ ಕಾನೂನು 2024ರ ಜುಲೈ 1ರಿಂದ ಬಂದವಲ್ಲ, ಅದರಲ್ಲಾದ್ರೂ ಬರತ್ತೆ ಅಂದ್ಕೊಂಡಿದ್ವಿ, ಬರಲಿಲ್ಲ.

ಮಾರ್ಗಸೂಚಿ ತಂದುಬಿಟ್ರೆ ಎಲ್ಲಾ ಸರಿಹೋಗತ್ತೆ ಅಂತಾನೂ ಅಲ್ಲ. ಅಮೆರಿಕದಲ್ಲಿ 1987ರಲ್ಲಿ ಕೋಷ್ಟಕ ಹಾಕಿ, ಒಂದು ಕಡೆ ಅಪರಾಧದ ತೂಕ, ಇನ್ನೊಂದು ಕಡೆ ಹಿಂದಿನ ಕೇಸುಗಳು, ಎರಡೂ ಸೇರೋ ಮನೆಯಲ್ಲಿ ಬರೆದಷ್ಟು ತಿಂಗಳು ಅಂತ ಕಟ್ಟುನಿಟ್ಟು ಮಾಡಿದ್ರು. ಜಡ್ಜ್‌ಗಳ ಕೈ ಕಟ್ಟಿಹಾಕಿದ್ದರಿಂದ ಯಾವ ಸೆಕ್ಷನ್ ಹಾಕಬೇಕು ಅನ್ನೋ ಪ್ರಾಸಿಕ್ಯೂಟರ್‌ಗೆ ಬಲ ಜಾಸ್ತಿ ಆಯ್ತು. 2005ರಲ್ಲಿ ಬೂಕರ್ ಕೇಸಿನ ತೀರ್ಪು ಬಂದು ಅದು ಬರೀ ಸಲಹೆ ಅಂತಾಯ್ತು. ಇಂಗ್ಲೆಂಡಿನವರದ್ದು ಸ್ವಲ್ಪ ಮೆದು, 2010ರಿಂದ ಒಂದು ಕೌನ್ಸಿಲ್ ಇದೆ, ಒಂದೊಂದು ಅಪರಾಧಕ್ಕೂ ಎಲ್ಲಿಂದ ಶುರು ಮಾಡಬೇಕು ಅಂತ ಹೇಳತ್ತೆ, ಬಿಟ್ಟು ನಡೆದರೆ ಜಡ್ಜ್ ಕಾರಣ ಬರೀಬೇಕು. ನಮಗೆ ಹೊಂದೋದು ಇದೇ ಅನ್ಸತ್ತೆ. ಕಾರಣ ಬರೆಯೋದು ಅಭ್ಯಾಸ ಆದ್ರೆ ಅರ್ಧ ಏರುಪೇರು ತಾನೇ ತಾನಾಗಿ ಇಳಿಯತ್ತೆ.

"ದೋಷಿ ಅಂತ ತೀರ್ಪು, ಶಿಕ್ಷೆ ಪ್ರಮಾಣ ನಾಳೆ" ಅಂತ ಬರತ್ತಲ್ಲ, ಒಂದೇ ದಿನ ಹೇಳೋಕೆ ಏನು ಕಷ್ಟ?

ಶಿಕ್ಷೆಯ ಬಗ್ಗೆ ಅಪರಾಧಿಯ ಮಾತು ಪ್ರತ್ಯೇಕ ಕೇಳಬೇಕು ಅಂತ ಕಾನೂನಿದೆ, ಬಿಎನ್‌ಎಸ್‌ಎಸ್ 258, ಮುಂಚೆ ಸಿಆರ್‌ಪಿಸಿ 235(2). ಒಳ್ಳೇ ಕಾನೂನು, ಆದ್ರೆ ಬಹಳ ಕಡೆ ಇದು "ವಯಸ್ಸಾದ ತಂದೆತಾಯಿ ಇದ್ದಾರೆ, ಮೊದಲ ತಪ್ಪು, ದಯೆ ತೋರಿಸಿ ಸ್ವಾಮಿ" ಅನ್ನೋ ಒಂದು ಸಾಲಲ್ಲಿ ಮುಗಿದುಹೋಗತ್ತೆ. ಗಲ್ಲಿನ ಕೇಸಲ್ಲಿ ಇದು ಪ್ರಾಣದ ಪ್ರಶ್ನೆ. 1980ರ ಬಚ್ಚನ್ ಸಿಂಗ್ ತೀರ್ಪು ಅಪರೂಪದಲ್ಲಿ ಅಪರೂಪದ ಕೇಸಿಗೆ ಮಾತ್ರ ಗಲ್ಲು ಅಂದಿದ್ದಲ್ಲದೆ, ಅಪರಾಧಿ ಸುಧಾರಿಸೋ ಸಾಧ್ಯತೆಯನ್ನೂ ನೋಡಿ ಅಂದಿತ್ತು. ನೋಡೋದು ಹೇಗೆ, ಯಾವ ಸಾಕ್ಷಿ ಇಟ್ಕೊಂಡು ಅಂತ 40 ವರ್ಷ ಯಾರೂ ಸರಿಯಾಗಿ ಹೇಳಲಿಲ್ಲ. 2022ರ ಮನೋಜ್ ತೀರ್ಪಲ್ಲಿ ಸುಪ್ರೀಂ ಕೋರ್ಟ್, ಮನೋವೈದ್ಯರ ವರದಿ, ಜೈಲಿನಲ್ಲಿ ನಡವಳಿಕೆ, ಬಾಲ್ಯ, ಓದು, ಮನೆ ಪರಿಸ್ಥಿತಿ ಇವೆಲ್ಲಾ ಸೆಷನ್ಸ್ ಹಂತದಲ್ಲೇ ತರಿಸಬೇಕು ಅಂತು. ದೆಹಲಿ ರಾಷ್ಟ್ರೀಯ ಕಾನೂನು ವಿವಿಯವರು 2016ರಲ್ಲಿ ಗಲ್ಲು ಶಿಕ್ಷೆಗೆ ಒಳಗಾದವರನ್ನ ಮಾತಾಡಿಸಿ ಮಾಡಿದ ವರದಿಯಲ್ಲಿ 74.1% ಜನ ಆರ್ಥಿಕವಾಗಿ ದುರ್ಬಲರು ಅಂತ ಬಂತು. ಮನೆ ಪರಿಸ್ಥಿತಿಯನ್ನ ಯಾಕೆ ಕೋರ್ಟಿನ ಮುಂದಿಡಬೇಕು ಅನ್ನೋದಕ್ಕೆ ಬೇರೆ ಕಾರಣ ಬೇಕಾ.

"ಶಿಕ್ಷೆಗಳು ಏಕಕಾಲಕ್ಕೆ" ಅಂದ್ರೆ? ವಿಚಾರಣೆ ಟೈಮಲ್ಲಿ ಒಳಗಿದ್ದ ದಿನ ಕಳೀತಾರಾ?

ಮೂರು ಸೆಕ್ಷನ್‌ಗೆ 3, 5, 7 ವರ್ಷ ಕೊಟ್ಟು ಏಕಕಾಲಕ್ಕೆ ಅಂದ್ರೆ ಒಟ್ಟು 7, ಒಂದಾದ ಮೇಲೊಂದು ಅಂದ್ರೆ 15. ತೀರ್ಪಿನ ಕೊನೇ ಪುಟದಲ್ಲಿ ಈ ಒಂದು ಸಾಲು ಇದೆಯಾ ಅಂತ ಮೊದಲು ನೋಡಿ. ವಿಚಾರಣಾಧೀನ ಕೈದಿಯಾಗಿ ಕಳೆದ ದಿನ ಸಜೆಯಿಂದ ಕಳೀತಾರೆ, ಅದನ್ನ ಕೋರ್ಟಲ್ಲಿ ಸೆಟ್ ಆಫ್ ಅಂತಾರೆ. ಎರಡು ಜೀವಾವಧಿ ಒಂದಾದ ಮೇಲೊಂದು ಅನ್ನೋದು ಮಾತ್ರ ಆಗಲ್ಲ, ಇರೋದು ಒಂದೇ ಜೀವ ತಾನೇ, 2016ರಲ್ಲಿ ಸುಪ್ರೀಂ ಕೋರ್ಟ್ ಹಂಗೇ ಹೇಳಿದೆ.

ದಂಡ ಕಟ್ಟದಿದ್ರೆ ಏನಾಗತ್ತೆ?

ಹೆಚ್ಚುವರಿ ಜೈಲು. ಎಲ್ಲರಿಗೂ ಗೊತ್ತಿರೋ ಉದಾಹರಣೆ ಜಯಲಲಿತಾ ಆಪ್ತೆ ಶಶಿಕಲಾ ಅವರದ್ದು. 2017ರ ಫೆಬ್ರವರಿಯಿಂದ ಪರಪ್ಪನ ಅಗ್ರಹಾರದಲ್ಲಿದ್ರು, 4 ವರ್ಷ ಸಜೆ, ಜೊತೆಗೆ 10 ಕೋಟಿ ದಂಡ. ಅದನ್ನ ಕಟ್ಟಿದ್ದಕ್ಕೇ 2021ರ ಜನವರಿ 27ಕ್ಕೆ ಬಿಡುಗಡೆ ಆಯ್ತು, ಇಲ್ಲದಿದ್ರೆ ಇನ್ನೂ ಒಳಗಿರಬೇಕಿತ್ತು. ಅವರ ಕಥೆಯಲ್ಲೇ ಪೆರೋಲ್ ಪಾಠಾನೂ ಇದೆ: 2017ರ ಅಕ್ಟೋಬರ್‌ನಲ್ಲಿ ಗಂಡನಿಗೆ ಹುಷಾರಿಲ್ಲ ಅಂತ 5 ದಿನ, 2018ರ ಮಾರ್ಚ್‌ನಲ್ಲಿ ಅವರು ತೀರಿಕೊಂಡಾಗ 15 ದಿನ. ಕೇಸು ತಮಿಳುನಾಡಿನದ್ದಾದ್ರೂ ಜೈಲು ನಮ್ಮದು, ಹಾಗಾಗಿ ಅರ್ಜಿ ಬಂದಿದ್ದು ನಮ್ಮ ಜೈಲು ಇಲಾಖೆಗೆ. ದುಡ್ಡಿಲ್ಲದೋರ ಕಥೆ ಪೇಪರಲ್ಲಿ ಬರಲ್ಲ. ಐದೋ ಹತ್ತೋ ಸಾವಿರ ದಂಡ ಕಟ್ಟೋಕಾಗದೆ ಸಜೆ ಮುಗಿದ ಮೇಲೂ ಒಳಗೇ ಇರೋರಿದಾರೆ, ಅಂಥವರ ಪರವಾಗಿ ಸಂಘ ಸಂಸ್ಥೆಯವರು, ದಾನಿಗಳು ಕಟ್ಟಿ ಬಿಡಿಸೋದು ನಡೀತಾ ಇರತ್ತೆ.

ಪ್ರೊಬೇಷನ್ ಯಾರಿಗೆ ಸಿಗತ್ತೆ?

1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ ಅಂತ ಒಂದಿದೆ, ತುಂಬಾ ಒಳ್ಳೇ ಕಾಯ್ದೆ, ಹೆಚ್ಚು ಜನ ಮರೆತಿರೋ ಕಾಯ್ದೆ. ಅದರ ಸೆಕ್ಷನ್ 3ರ ಪ್ರಕಾರ ಸಣ್ಣ ಕಳ್ಳತನ, ಮೋಸದಂಥ ಕೇಸಲ್ಲಿ ಮೊದಲ ಸಲ ಸಿಕ್ಕಿಬಿದ್ದವನನ್ನ ಬರೀ ಬುದ್ಧಿ ಹೇಳಿ ಕಳಿಸಬಹುದು. ಸೆಕ್ಷನ್ 4ರ ಪ್ರಕಾರ ಮರಣದಂಡನೆ ಅಥವಾ ಜೀವಾವಧಿ ಇಲ್ಲದ ಯಾವ ಅಪರಾಧಕ್ಕಾದ್ರೂ ಒಳ್ಳೇ ನಡತೆಯ ಮುಚ್ಚಳಿಕೆ ಮೇಲೆ ಬಿಡಬಹುದು, ಮುಚ್ಚಳಿಕೆ 3 ವರ್ಷದ ತನಕ ಇರಬಹುದು, ಬೇಕಿದ್ರೆ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ನಿಗಾ ಕನಿಷ್ಠ 1 ವರ್ಷ. ಸೆಕ್ಷನ್ 5ರಲ್ಲಿ ಸಂತ್ರಸ್ತರಿಗೆ ಪರಿಹಾರ ಕೊಡಿಸಬಹುದು. ಸೆಕ್ಷನ್ 6 ಇನ್ನೂ ಗಟ್ಟಿ, 21 ವರ್ಷದೊಳಗಿನವರಾದ್ರೆ ಜೀವಾವಧಿ ಶಿಕ್ಷೆಯ ಅಪರಾಧ ಅಲ್ಲದಿದ್ರೆ ಜೈಲಿಗೆ ಕಳಿಸಲೇಬಾರದು, ಕಳಿಸ್ತೀನಿ ಅಂದ್ರೆ ಪರಿವೀಕ್ಷಣಾಧಿಕಾರಿ ವರದಿ ತರಿಸಿ ಯಾಕೆ ಅಂತ ಬರೀಬೇಕು. ವಯಸ್ಸನ್ನ ಲೆಕ್ಕ ಹಾಕೋದು ಶಿಕ್ಷೆ ಕೊಡೋ ದಿನಕ್ಕೆ, ಅಪರಾಧದ ದಿನಕ್ಕಲ್ಲ, 1963ರಿಂದ ಹಂಗೇ ಇದೆ. ಕೇಸು ಐದು ವರ್ಷ ಎಳೆದ್ರೆ 18ರ ಹುಡುಗನಿಗೆ 23 ಆಗಿ ಈ ರಕ್ಷಣೆ ಕೈತಪ್ಪತ್ತೆ, ತಪ್ಪು ಅವನದ್ದಲ್ಲ, ಕೇಸು ಎಳೆದಿದ್ದು ಕೋರ್ಟು.

ಎನ್‌ಡಿಪಿಎಸ್ ಅಂದ್ರೆ ಡ್ರಗ್ಸ್ ಕೇಸಲ್ಲಿ ಸೆಕ್ಷನ್ 33 ಇದನ್ನ ಬಹುತೇಕ ತಡೆಯತ್ತೆ, 18ರೊಳಗಿನವರಿಗೆ ಮತ್ತೆ ಬರೀ ಸೇವನೆಯಂಥ ಕೆಲವು ಸಣ್ಣ ಕೇಸಿಗೆ ಬಿಟ್ಟು.

ಯಾಕೆ ಬಳಸಲ್ಲ ಅಂತೀರಾ? ವಕೀಲರು ಖುಲಾಸೆ ಕೇಳೋದ್ರಲ್ಲೇ ಇರ್ತಾರೆ, ಪ್ರೊಬೇಷನ್ ಕೇಳಿದ್ರೆ ತಪ್ಪು ಒಪ್ಪಿದ ಹಾಗಾಗತ್ತೆ ಅನ್ನೋ ಭಯ. ಪರಿವೀಕ್ಷಣಾಧಿಕಾರಿಗೆ ಬೇರೆ ನೂರೆಂಟು ಕೆಲಸ. ವರದಿಗೆ ಕಾಯೋಕೆ ಕೋರ್ಟಿಗೆ ಪುರುಸೊತ್ತಿಲ್ಲ. ಆದ್ರೆ ಬಿಎನ್‌ಎಸ್‌ಎಸ್ 402 ಪ್ರಕಾರ, ಪ್ರೊಬೇಷನ್ ಕೊಡಬಹುದಾದ ಕಡೆ ಕೊಡದಿದ್ರೆ ಜಡ್ಜ್ ವಿಶೇಷ ಕಾರಣ ದಾಖಲಿಸಲೇಬೇಕು. ಅಪೀಲ್ ಹಾಕೋ ಮುಂಚೆ ತೀರ್ಪಲ್ಲಿ ಆ ಪ್ಯಾರಾ ಇದೆಯಾ ಹುಡುಕಿ. ಇಲ್ಲದಿದ್ರೆ ಅದೇ ಒಂದು ಗ್ರೌಂಡು, ಅಪೀಲು ಕೋರ್ಟೂ ಪ್ರೊಬೇಷನ್ ಕೊಡಬಹುದು.

ಪ್ರೊಬೇಷನ್ ಸಿಕ್ಕಿದ್ರೆ ಸರ್ಕಾರಿ ಕೆಲಸ ಉಳಿಯತ್ತಾ?

ಅರ್ಧ ಹೌದು, ಅರ್ಧ ಇಲ್ಲ. ಪ್ರೊಬೇಷನ್ ಕಾಯ್ದೆಯ ಸೆಕ್ಷನ್ 12 ಶಿಕ್ಷೆಯಾಗಿದ್ದರಿಂದ ಕಾನೂನಲ್ಲಿ ಬರೋ ಅನರ್ಹತೆ ತೆಗೆಯತ್ತೆ. ಆದ್ರೆ ತಪ್ಪಿತಸ್ಥ ಅನ್ನೋ ತೀರ್ಪು ಅಳಿಸಿಹೋಗಲ್ಲ, ಆ ನಡವಳಿಕೆ ಇಟ್ಕೊಂಡು ಇಲಾಖೆ ಕ್ರಮ ತಗೋಬಹುದು ಅಂತ 1990ರಲ್ಲಿ ಬಕ್ಷಿ ರಾಮ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹೊಸ ಕಾನೂನಿನ ಸಮುದಾಯ ಸೇವೆ ಅಂದ್ರೆ ಆ ಪುಣೆಯ 300 ಪದದ ಪ್ರಬಂಧಾನಾ?

ಅಲ್ಲ ಮಾರಾಯ್ರೆ. ಅದು 2024ರ ಮೇನಲ್ಲಿ, ಕಾರು ಗುದ್ದಿಸಿ ಇಬ್ಬರ ಸಾವಿಗೆ ಕಾರಣನಾದ ಆರೋಪದ ಹುಡುಗನಿಗೆ ಬಾಲನ್ಯಾಯ ಮಂಡಳಿ ಬೇಲ್‌ಗೆ ಹಾಕಿದ್ದ ಷರತ್ತು, ಶಿಕ್ಷೆ ಅಲ್ಲವೇ ಅಲ್ಲ. ಬಿಎನ್‌ಎಸ್ ಸಮುದಾಯ ಸೇವೆಯನ್ನ ಶಿಕ್ಷೆಯ ಪಟ್ಟಿಗೇ ಸೇರಿಸಿದೆ, ಆದ್ರೆ ಅನ್ವಯ ಆಗೋದು ಬರೀ ಆರು ಅಪರಾಧಕ್ಕೆ: ಸರ್ಕಾರಿ ನೌಕರ ಕಾನೂನು ಮೀರಿ ವ್ಯಾಪಾರ ಮಾಡೋದು, ಕೋರ್ಟಿನ ಉದ್ಘೋಷಣೆಗೂ ಹಾಜರಾಗದೇ ಇರೋದು, ಅಧಿಕಾರಿಯ ಕೈ ತಡೆಯೋಕೆ ಆತ್ಮಹತ್ಯೆ ಯತ್ನ, ಮೊದಲ ಸಲದ 5,000 ರೂಪಾಯಿ ಒಳಗಿನ ಕಳ್ಳತನ (ಮಾಲು ವಾಪಸ್ ಕೊಟ್ಟಿದ್ರೆ), ಕುಡಿದು ಬೀದಿಯಲ್ಲಿ ರಂಪ, ಮಾನನಷ್ಟ. ಎಷ್ಟು ಗಂಟೆ, ಎಲ್ಲಿ, ಯಾರು ನೋಡ್ಕೋಬೇಕು ಅಂತ ಕಾಯ್ದೆಯಲ್ಲಿಲ್ಲ. ಜನೋಪಯೋಗಿ ಕೆಲಸ, ಕೂಲಿ ಇಲ್ಲ ಅಂತಷ್ಟೇ ಇದೆ.

ಕರ್ನಾಟಕದಲ್ಲಿ ಪೆರೋಲ್ ಕೇಳೋದು ಹೇಗೆ?

ಕೈದಿ ಅಥವಾ ಮನೆಯವರು ಜೈಲು ಸೂಪರಿಂಟೆಂಡೆಂಟ್‌ಗೆ ಅರ್ಜಿ ಕೊಡಬೇಕು. ಆಧಾರ 1963ರ ಕರ್ನಾಟಕ ಕಾರಾಗೃಹ ಕಾಯ್ದೆ ಮತ್ತೆ 2021ರ ಜೈಲು ಕೈಪಿಡಿ. ತಂದೆತಾಯಿ ಹೆಂಡತಿ ಮಕ್ಕಳ ಸಾವು, ದೊಡ್ಡ ಕಾಯಿಲೆ, ಮದುವೆ, ಮನೆ ರಿಪೇರಿ, ಬೇಸಾಯ, ಇಂಥವು ಮಾಮೂಲಿ ಕಾರಣಗಳು. ಅರ್ಜಿ ಜೊತೆ ದಾಖಲೆ ಇಡಿ, ಆಸ್ಪತ್ರೆ ಚೀಟಿ, ಲಗ್ನಪತ್ರಿಕೆ, ಪಹಣಿ, ಏನಿದೆಯೋ ಅದು. ಅಲ್ಲಿಂದ ಫೈಲು ಊರಿನ ಪೊಲೀಸ್ ಸ್ಟೇಷನ್‌ಗೆ ವರದಿಗೆ ಹೋಗತ್ತೆ, ಕಥೆ ಸಿಕ್ಕಿಹಾಕ್ಕೊಳ್ಳೋದು ಅಲ್ಲೇ. "ಇವರು ಬಂದ್ರೆ ಗ್ರಾಮದಲ್ಲಿ ಶಾಂತಿ ಭಂಗ ಆಗೋ ಸಂಭವ ಇದೆ" ಅಂತ ಒಂದು ಸಿದ್ಧ ವಾಕ್ಯ, ಅದಕ್ಕೆ ಯಾವ ಘಟನೆ, ಯಾರ ಹೇಳಿಕೆ ಅಂತ ಏನೂ ಇರಲ್ಲ. ನಿಜವಾಗ್ಲೂ ಎದುರು ಪಾರ್ಟಿ ಜೊತೆ ಜಿದ್ದು ಇರೋ ಊರುಗಳೂ ಇವೆ, ಅಲ್ಲಿ ಪೊಲೀಸರ ಭಯ ಸುಳ್ಳಲ್ಲ. ಅಂಥ ಕಡೆ ಬೇರೆ ಊರಿನ ನೆಂಟರ ಮನೆ ವಿಳಾಸ ಕೊಟ್ಟು ಅಲ್ಲಿರ್ತೀವಿ ಅಂತ ಬರೆದುಕೊಟ್ರೆ ದಾರಿ ಸುಲಭ ಆಗಬಹುದು. ಸಿಕ್ಕಿದ್ರೆ ಜಾಮೀನುದಾರರು ಬೇಕು, ಸ್ಟೇಷನ್ನಿಗೆ ಹೋಗಿ ಸಹಿ ಹಾಕೋ ಷರತ್ತು ಇರತ್ತೆ.

ಮದುವೆಗೂ ಕೊಡ್ತಾರಾ? ಮಗು ಮಾಡ್ಕೊಳ್ಳೋಕೆ ಕೊಟ್ರು ಅಂತ ಓದಿದ್ದೆ!

ಹೌದು, ಮೂರು ಆದೇಶ ಸುದ್ದಿಯಾದವು, ಮೂರೂ ಕರ್ನಾಟಕ ಹೈಕೋರ್ಟಿಂದು. 2023ರಲ್ಲಿ ಕೊಲೆ ಕೇಸಿನ ಒಬ್ಬ ಸಜಾಬಂಧಿಗೆ ಮದುವೆ ಮಾಡ್ಕೊಳ್ಳೋಕೆ 15 ದಿನ. 2024ರಲ್ಲಿ ಹೆಂಡತಿ ಅರ್ಜಿ ಹಾಕಿದ್ದಕ್ಕೆ ಸಂತಾನಕ್ಕಾಗಿ 30 ದಿನ. ಅದೇ ವರ್ಷದ ಕೊನೆಗೆ ಹೊಲ ನೋಡ್ಕೊಳ್ಳೋರು ಯಾರೂ ಇಲ್ಲ ಅಂದ ಒಬ್ಬರಿಗೆ 90 ದಿನ. ಕಾಮೆಂಟಲ್ಲಿ ಜನ ಹಿಗ್ಗಾಮುಗ್ಗಾ ಬೈದ್ರು. ಆದ್ರೆ ಕೈಪಿಡಿಯಲ್ಲೇ ಅಸಾಧಾರಣ ಕಾರಣ ಇದ್ರೆ ಕೊಡಬಹುದು ಅಂತ ಜಾಗ ಬಿಟ್ಟಿದಾರೆ, ಅದನ್ನ ಕೋರ್ಟು ಬಳಸ್ತು. ಹೊರಗೆ ಕಾಯೋ ಹೆಂಡತಿಗೆ ಯಾರೂ ಶಿಕ್ಷೆ ಕೊಟ್ಟಿಲ್ಲ ಅನ್ನೋದನ್ನ ಬೈಯೋರು ಮರೀತಾರೆ.

ಪೆರೋಲ್‌ನಲ್ಲಿ ಹೊರಗಿದ್ದ ದಿನ ಸಜೆ ಲೆಕ್ಕಕ್ಕೆ ಬರತ್ತಾ?

ಪೆರೋಲ್ ದಿನ ಬರಲ್ಲ, ಫರ್ಲೋ ದಿನ ಬರತ್ತೆ, ಸಾಮಾನ್ಯ ನಿಯಮ ಇದು. ಪೆರೋಲ್‌ಗೆ ಕಾರಣ ಬೇಕು. ಫರ್ಲೋ ದೀರ್ಘ ಸಜೆಯವರಿಗೆ ಏಕತಾನತೆ ಮುರಿಯೋಕೆ ಕಾರಣ ಇಲ್ಲದೇನೂ ಸಿಗೋದು. ಆದ್ರೆ ಅದೂ ಹಕ್ಕಲ್ಲ ಅಂತ 2021ರಲ್ಲಿ ಗುಜರಾತಿನ ನಾರಾಯಣ್ ಸಾಯಿ ಕೇಸಲ್ಲಿ ಬಂತು. 2023ರಲ್ಲಿ ಗೋವಾದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ 14 ವರ್ಷದ ಲೆಕ್ಕದಿಂದ ಪೆರೋಲ್ ದಿನ ಬಿಡಿ ಅಂತು, ಇಲ್ಲಾಂದ್ರೆ ಪ್ರಭಾವ ಇರೋರು ಪೆರೋಲಲ್ಲೇ ಸಜೆ ಮುಗಿಸಿಬಿಡ್ತಾರೆ ಅನ್ನೋದು ಅದರ ತರ್ಕ. ಕೊರೊನಾ ಟೈಮಲ್ಲಿ 2020ರ ಮಾರ್ಚ್‌ನಿಂದ ಜೈಲು ಖಾಲಿ ಮಾಡೋಕೆ ಬಿಟ್ಟಿದ್ದವರಿಗೂ 2023ರ ಮಾರ್ಚ್‌ನಲ್ಲಿ 15 ದಿನದೊಳಗೆ ಶರಣಾಗಿ ಅಂತ ಆದೇಶ ಆಯ್ತು. ತಡವಾಗಿ ವಾಪಸ್ ಹೋದ್ರೆ ಮುಂದಿನ ಪೆರೋಲೂ, ಗಳಿಸಿದ ಮಾಫಿ ದಿನಾನೂ ಎರಡಕ್ಕೂ ಕುತ್ತು, ಕೇಸೂ ಬೀಳಬಹುದು. ಒಂದು ದಿನವೂ ತಡ ಮಾಡಬೇಡಿ.

ಹಾಗಿದ್ರೆ ಹರಿಯಾಣದ ಡೇರಾ ಬಾಬಾ ರಾಮ್ ರಹೀಮ್ ಹೆಂಗೆ ವರ್ಷವರ್ಷ ಹೊರಗೆ ಬರ್ತಾರೆ?

ಜೈಲು ರಾಜ್ಯದ ವಿಷಯ, ಒಂದೊಂದು ರಾಜ್ಯಕ್ಕೂ ಒಂದೊಂದು ಕಾನೂನು. ಹರಿಯಾಣದ 2022ರ ಕಾನೂನಲ್ಲಿ ವರ್ಷಕ್ಕೆ 10 ವಾರ ಪೆರೋಲು, 3 ವಾರ ಫರ್ಲೋ ಸಿಗಬಹುದು. ಕಾಗದದಲ್ಲಿ ಎಲ್ಲಾ ಸರಿ ಇದೆ. 2024ರ ಹರಿಯಾಣ ಚುನಾವಣೆ ಮುಂಚೆ 20 ದಿನ ಸಿಕ್ಕಿದ್ದೂ ಕಾಗದದಲ್ಲಿ ಸರೀನೇ. ಅದೇ ಕಾನೂನಿನ ಅಡಿ ಬರೋ ಹೆಸರಿಲ್ಲದ ಕೈದಿಗಳ ಫೈಲು ಇಷ್ಟೇ ಬೇಗ ಓಡತ್ತಾ ಅಂತ ಕೇಳಬೇಕು. ಇದನ್ನ ನೋಡಿ ಪೆರೋಲನ್ನೇ ತೆಗೆದುಹಾಕಿ ಅನ್ನೋದು ಮಾತ್ರ ಬಡ ಕೈದಿಯ ಹೊಟ್ಟೆ ಮೇಲೆ ಹೊಡೆದ ಹಾಗೆ.

ಆಗಸ್ಟ್ 15ಕ್ಕೆ ಸನ್ನಡತೆ ಮೇಲೆ ಬಿಡ್ತಾರಲ್ಲ, ಯಾರನ್ನ ಆರಿಸ್ತಾರೆ?

ಸಮಿತಿ ಕೂತು, ಜೈಲಿನ ನಡವಳಿಕೆ, ಪೊಲೀಸ್ ವರದಿ, ಶಿಕ್ಷೆ ಕೊಟ್ಟ ಕೋರ್ಟಿನ ಜಡ್ಜ್ ಅಭಿಪ್ರಾಯ ನೋಡಿ ಪಟ್ಟಿ ಮಾಡತ್ತೆ, ಸರ್ಕಾರ ಒಪ್ಪಬೇಕು. ಏನೇನು ನೋಡಬೇಕು ಅಂತ 2000ದ ಲಕ್ಷ್ಮಣ್ ನಸ್ಕರ್ ತೀರ್ಪಲ್ಲಿದೆ: ಮತ್ತೆ ಅಪರಾಧ ಮಾಡೋ ಸಾಧ್ಯತೆ ಇದೆಯಾ, ಇನ್ನೂ ಒಳಗಿಟ್ಟು ಪ್ರಯೋಜನ ಇದೆಯಾ, ಮನೆಯ ಪರಿಸ್ಥಿತಿ ಏನು, ಹೀಗೆ. ಸರ್ಕಾರದ ಯಾವ ಬಿಡುಗಡೆ ಪಾಲಿಸಿ ಅನ್ವಯ ಅಂದ್ರೆ ಶಿಕ್ಷೆಯಾದ ದಿನ ಇದ್ದಿದ್ದು, ಆಮೇಲೆ ಇನ್ನೂ ಉದಾರದ್ದು ಬಂದಿದ್ರೆ ಅದರ ಲಾಭಾನೂ ಸಿಗತ್ತೆ, 2010ರ ಜಗದೀಶ್ ತೀರ್ಪು.

ದುರ್ಬಳಕೆ ಹೇಗಾಗತ್ತೆ ಅನ್ನೋಕೆ 2002ರ ಗುಜರಾತ್ ಗಲಭೆಯ ಬಿಲ್ಕಿಸ್ ಬಾನು ಅತ್ಯಾಚಾರ ಕೇಸು. ಶಿಕ್ಷೆಯಾಗಿದ್ದ 11 ಜನರನ್ನ ಗುಜರಾತ್ ಸರ್ಕಾರ 2022ರ ಆಗಸ್ಟ್ 15ಕ್ಕೆ ಬಿಟ್ಟಿತ್ತು, ಸುಪ್ರೀಂ ಕೋರ್ಟ್ 2024ರ ಜನವರಿ 8ಕ್ಕೆ ರದ್ದು ಮಾಡ್ತು. ವಿಚಾರಣೆ ನಡೆದಿದ್ದು ಮಹಾರಾಷ್ಟ್ರದಲ್ಲಿ, ಬಿಡೋ ಅಧಿಕಾರ ಇದ್ರೆ ಅವರಿಗೇ ಅಂತ. ಇನ್ನೊಂದು ಕಡೆ, 14 ಅಲ್ಲ 20 ವರ್ಷ ಮುಗಿಸಿ ಅರ್ಜಿ ಬರೆಯೋಕೂ ಬಾರದೆ ಕೂತಿರೋರಿದಾರೆ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಪಾಲಿಸಿ ಇರೋ ರಾಜ್ಯಗಳಲ್ಲಿ ಕೈದಿ ಅರ್ಜಿ ಹಾಕಲಿ ಬಿಡಲಿ, ಅರ್ಹತೆ ಬಂದ ಕೂಡಲೇ ಸರ್ಕಾರವೇ ಪರಿಶೀಲಿಸಬೇಕು, ತಿರಸ್ಕರಿಸಿದ್ರೆ ಕಾರಣ ಚಿಕ್ಕದಾಗಾದ್ರೂ ಬರೀಬೇಕು ಅಂತು. ನನ್ನ ಪ್ರಕಾರ ಇತ್ತೀಚಿನ ವರ್ಷಗಳಲ್ಲಿ ಈ ವಿಷಯದಲ್ಲಿ ಬಂದ ಅತಿ ಉಪಯೋಗದ ಆದೇಶ ಅದೇ.

ಸಂತ್ರಸ್ತರ ಮಾತು ಯಾರೂ ಕೇಳಲ್ವಾ?

ಕೇಸ್ ನಡೆಯೋವಾಗ ಈಗ ಕೇಳ್ತಾರೆ, 2022ರಲ್ಲಿ ಲಖೀಂಪುರ್ ಖೇರಿ (ರೈತರ ಮೇಲೆ ವಾಹನ ಹರಿಸಿದ ಕೇಸು) ಬೇಲ್ ವಿಷಯದಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ಪ್ರತಿ ಹಂತದಲ್ಲೂ ಮಾತಾಡೋ ಹಕ್ಕಿದೆ ಅಂದಿದೆ. ಮಾಫಿ ಕೊಡೋ ಬಿಎನ್‌ಎಸ್‌ಎಸ್ ಸೆಕ್ಷನ್ 473ರಲ್ಲಿ ಜಡ್ಜ್ ಅಭಿಪ್ರಾಯದ ಮಾತಿದೆ, ಸಂತ್ರಸ್ತರ ಮಾತು ಇಲ್ಲ. ಇದು ದೊಡ್ಡ ಕೊರತೆ. ಬಿಡುಗಡೆ ತಡೆಯೋ ಅಧಿಕಾರ ಕೊಡಿ ಅಂತಲ್ಲ, ಕಡೇಪಕ್ಷ ಮುಂಚೆ ತಿಳಿಸಿ, ಭಯ ಇದ್ರೆ ಕೇಳಿ.

ಶಿಕ್ಷೆ ಆಗದೇನೇ ಒಳಗಿರೋರು?

ಜೈಲಲ್ಲಿ ಜಾಸ್ತಿ ಇರೋರು ಅವರೇ. ಎನ್‌ಸಿಆರ್‌ಬಿಯ (ಕೇಂದ್ರದ ಅಪರಾಧ ದಾಖಲೆ ಬ್ಯೂರೋ) 2022ರ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿ 5,73,220 ಜನ, ಅದರಲ್ಲಿ 4,34,302 ವಿಚಾರಣಾಧೀನರು. ನಾಲ್ಕರಲ್ಲಿ ಮೂರು ಪಾಲು! ಬಿಎನ್‌ಎಸ್‌ಎಸ್ 479 ಪ್ರಕಾರ ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಬೇರೆಯವರು ಅರ್ಧ ಭಾಗ ಕಳೆದಿದ್ರೆ ಬಿಡಬೇಕು, ಗಲ್ಲು ಜೀವಾವಧಿ ಕೇಸು ಬಿಟ್ಟು, ಒಂದಕ್ಕಿಂತ ಜಾಸ್ತಿ ಕೇಸಿದ್ರೂ ತೊಡಕು. ಹಳೇ ಕೇಸಿಗೂ ಇದು ಅನ್ವಯ ಅಂತ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಶಿಕ್ಷೆ ಜೋರು ಮಾಡಿದ್ರೆ ಅಪರಾಧ ಕಮ್ಮಿ ಆಗಲ್ವಾ? ರಿಸರ್ಚ್ ಏನು ಹೇಳತ್ತೆ?

ಈ ವಿಷಯದಲ್ಲಿ ಸಂಶೋಧಕರು ಹೆಚ್ಚುಕಮ್ಮಿ ಒಂದೇ ಮಾತು ಹೇಳ್ತಾರೆ: ಸಿಕ್ಕಿಬೀಳ್ತೀನಿ ಅನ್ನೋ ಭಯ ಕೆಲಸ ಮಾಡತ್ತೆ, 7 ವರ್ಷ ಇದ್ದಿದ್ದನ್ನ 14 ಮಾಡೋದು ಅಷ್ಟಾಗಿ ಮಾಡಲ್ಲ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2014ರಲ್ಲಿ ತಮ್ಮ ದೇಶದ ಜೈಲು ಏರಿಕೆ ಬಗ್ಗೆ ವರದಿ ಮಾಡಿದಾಗ ಇದನ್ನೇ ಹೇಳ್ತು. ಗಲ್ಲು ಅಪರಾಧ ತಡೆಯತ್ತಾ ಅನ್ನೋದಕ್ಕೆ ಅಲ್ಲಿಯ ತನಕದ ಅಧ್ಯಯನಗಳಿಂದ ಹೌದು ಅಂತಾನೂ ಇಲ್ಲ ಅಂತಾನೂ ಹೇಳೋಕಾಗಲ್ಲ ಅಂತ 2012ರಲ್ಲೇ ಹೇಳಿತ್ತು.

ಪ್ರೊಬೇಷನ್ ವಿಷಯದಲ್ಲಿ ಅಮೆರಿಕದ ಹವಾಯಿ ರಾಜ್ಯದ ಕಥೆ ಸ್ವಾರಸ್ಯ. 2004ರಲ್ಲಿ ಸ್ಟೀವನ್ ಆಲ್ಮ್ ಅನ್ನೋ ಜಡ್ಜ್, ಷರತ್ತು ಮುರಿದ್ರೆ ದೊಡ್ಡ ಶಿಕ್ಷೆ ಬೇಡ, ಎರಡು ಮೂರು ದಿನ ಜೈಲು ಸಾಕು ಆದ್ರೆ ತಕ್ಷಣ, ಪ್ರತಿ ಸಲ, ತಪ್ಪದೆ ಕೊಡೋಣ ಅಂತ ಶುರು ಮಾಡಿದ್ರು. ಮೊದಲ ಅಧ್ಯಯನದಲ್ಲಿ ಫಲಿತಾಂಶ ಭರ್ಜರಿ, ಹೊಸ ಕೇಸಲ್ಲಿ ಸಿಕ್ಕಿಬೀಳೋರು ಅರ್ಧಕ್ಕರ್ಧ ಕಮ್ಮಿ. ಎಲ್ಲಾ ಕಡೆ ನಕಲು ಮಾಡಿದ್ರು. 2016ರಲ್ಲಿ ಬೇರೆ ನಾಲ್ಕು ರಾಜ್ಯಗಳ ಪ್ರಯೋಗದ ಫಲಿತಾಂಶ ಬಂತು, ಮಾಮೂಲಿ ಪ್ರೊಬೇಷನ್‌ಗೂ ಇದಕ್ಕೂ ವ್ಯತ್ಯಾಸಾನೇ ಇಲ್ಲ! ಒಂದೂರಲ್ಲಿ ಗೆದ್ದ ಮಾದರಿನ ಕಣ್ಮುಚ್ಚಿ ತರಬಾರದು ಅನ್ನೋಕೆ ಇದನ್ನ ನೆನಪಿಟ್ಕೊಳ್ಳಿ.

ಊಟಕ್ಕೆ ಮುಂಚೆ ಜಡ್ಜ್‌ಗಳು ಪೆರೋಲ್ ಕೊಡಲ್ಲ ಅನ್ನೋ ಸ್ಟಡಿ ನಿಜಾನಾ?

2011ರ ಇಸ್ರೇಲ್ ಅಧ್ಯಯನ ಅದು, ವಾಟ್ಸಾಪಲ್ಲಿ ಇನ್ನೂ ಓಡಾಡ್ತಿದೆ. ಬ್ರೇಕ್ ಆದ ತಕ್ಷಣ ಸುಮಾರು 65% ಅರ್ಜಿ ಒಪ್ಪಿಗೆ, ಹಸಿವಾಗ್ತಾ ಆಗ್ತಾ ಸೊನ್ನೆ ಹತ್ರ ಅಂತ. ಆದ್ರೆ ಅದೇ ವರ್ಷ ಬೇರೆ ಸಂಶೋಧಕರು ತೋರಿಸಿದ್ರು, ಕೇಸುಗಳು ಬರೋ ಕ್ರಮ ಯದ್ವಾತದ್ವಾ ಇರಲಿಲ್ಲ, ವಕೀಲರಿಲ್ಲದ ಕೈದಿಗಳ ಸರದಿ ಬ್ರೇಕಿಗೆ ಮುಂಚೆ ಕೊನೆಗೆ ಬರ್ತಿತ್ತು ಅಂತ. ಹಸಿವಿನ ಕಥೆ ಮಜಾ ಇದೆ, ವಕೀಲರ ಕಥೆ ನಿಜಕ್ಕೆ ಹತ್ತಿರ.

ಬಯಲು ಬಂದೀಖಾನೆ ಅಂದ್ರೆ?

ಎತ್ತರದ ಗೋಡೆ ಇಲ್ಲದ, ನಂಬಿಕೆ ಮೇಲೆ ನಡೆಯೋ ಜೈಲು. ನಮ್ಮಲ್ಲಿ ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿದೆ (ಬೆಂಗಳೂರೊಳಗಿನ ಕೋರಮಂಗಲ ಅಲ್ಲ), ಒಳ್ಳೇ ನಡತೆಯ ಸಜಾಬಂಧಿಗಳು ಬೇಸಾಯ ಮಾಡ್ತಾರೆ. ರಾಜಸ್ಥಾನದ ಸಾಂಗಾನೇರ್‌ನಲ್ಲಿ ಇನ್ನೂ ಮುಂದೆ ಹೋಗಿದಾರೆ, ಹೆಂಡತಿ ಮಕ್ಕಳ ಜೊತೆ ಅಲ್ಲೇ ಇದ್ದು ಹೊರಗೆ ಕೆಲಸಕ್ಕೆ ಹೋಗಿ ಸಂಜೆ ಹಾಜರಿಗೆ ಬರ್ತಾರೆ. ನಮ್ಮ ರಾಜ್ಯದಲ್ಲಿ ಇಂಥವು ಇನ್ನೂ ಬೇಕು.

ಪೆರೋಲ್ ಅರ್ಜಿ ತಿರಸ್ಕಾರ ಆಯ್ತು, ಇಲ್ಲಾ ತಿಂಗಳಾದ್ರೂ ಉತ್ತರಾನೇ ಇಲ್ಲ. ಈಗ?

ಮೊದಲು ತಿರಸ್ಕಾರದ ಆದೇಶ ಲಿಖಿತವಾಗಿ ಈಸ್ಕೊಳ್ಳಿ, ಪೊಲೀಸ್ ವರದಿಯ ಪ್ರತಿ ಸಿಕ್ಕಿದ್ರೆ ಅದೂ. ಅರ್ಜಿ ಕೊಟ್ಟಾಗಿನ ಸ್ವೀಕೃತಿ ಜೋಪಾನ, ಅದಿಲ್ಲದಿದ್ರೆ ಕೊಟ್ಟೇ ಇಲ್ಲ ಅಂದುಬಿಡಬಹುದು. ಆಮೇಲೆ ಹೈಕೋರ್ಟಲ್ಲಿ ರಿಟ್ ಅರ್ಜಿ. ಉತ್ತರ ಕರ್ನಾಟಕದವರು ಬೆಂಗಳೂರಿಗೇ ಬರಬೇಕಿಲ್ಲ, ಜಿಲ್ಲೆ ಯಾವುದು ಅನ್ನೋದರ ಮೇಲೆ ಧಾರವಾಡ ಅಥವಾ ಕಲಬುರಗಿ ಪೀಠ. ವಕೀಲರಿಗೆ ದುಡ್ಡಿಲ್ಲ ಅಂದ್ರೆ ಚಿಂತೆ ಬೇಡ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಬಂಧನದಲ್ಲಿರೋ ಯಾರಿಗೇ ಆಗಲಿ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗ್ತಾರೆ. ಜಿಲ್ಲಾ ಕೋರ್ಟ್ ಆವರಣದಲ್ಲೇ ಪ್ರಾಧಿಕಾರದ ಆಫೀಸಿದೆ, ಹೋಗೋಕಾಗದಿದ್ರೆ 15100ಕ್ಕೆ ಫೋನ್ ಮಾಡಿ. ಸಾವು, ಆಪರೇಷನ್ ಥರ ತುರ್ತು ಇದ್ರೆ ಅರ್ಜಿಯ ಮೊದಲ ಸಾಲಲ್ಲೇ ತಾರೀಕು ಸಮೇತ ಬರೀರಿ. ತಿಥಿ ಮುಗಿದ ಮೇಲೆ ಬರೋ ಆದೇಶದಿಂದ ಯಾರಿಗೂ ಉಪಯೋಗ ಇಲ್ಲ.